ದ್ವಿತೀಯ ಆಸೀನನ ಹುದ್ದೆ

ಶನಿವಾರದ ದಿನ ಎಫ್ರಾಯಿಂ ಸಾಹೇಬರು ಒಳಗೊಮ್ಮೆ ಇಣುಕಿ ನೋಡದೆ ಯಾವ ಬಾಗಿಲನ್ನೂ ಮುಚ್ಚುತ್ತಿರಲಿಲ್ಲ. ಕೋಣೆಯೊಳಗೆ ಗುಬ್ಬಿಯೋ ಹೇಂಟೆಕೋಳಿಯೋ ಕಂಡರೆ ಬಾಗಿಲನ್ನು ಹಾಗೇ ತೆರೆದಿಟ್ಟು, ಅದು ತನ್ನ ಅನುಕೂಲ ನೋಡಿಕೊಂಡು ಹೊರಡುವವರೆಗೆ ಜಗಲಿಯಲ್ಲಿ ಕಾಯುತ್ತಿದ್ದರು. ಅವರು ಕೊಚ್ಚಿಯ ಯೆಹೂದಿಗಳು. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ನಕ್ಷತ್ರ ಮೂಡುವವರೆಗೆ ಅವರಿಗೆ ಸಬ್ಬತ್ತು. ಅಷ್ಟು ಹೊತ್ತು ಬರೆಯುವಂತಿಲ್ಲ, ಬೆಂಕಿ ಹೊತ್ತಿಸುವಂತಿಲ್ಲ, ಯಾವ ಪ್ರಾಣಿಯನ್ನೂ ಹಿಡಿದು ಕೂಡಿಹಾಕುವಂತಿಲ್ಲ.

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯ ಕುಂಟಲಪಾದೆ ಪಂಚಾಯತಿಗೆ ಅವರು ಅಧಿಕಾರಿಯಾಗಿ ಬಂದದ್ದು ೧೯೬೧ರಲ್ಲಿ. ಊರು ಮೊದಲು ಅವರನ್ನು ಕ್ರಿಸ್ತಾನರೆಂದು ತಿಳಿದಿತ್ತು. ಆದಿತ್ಯವಾರ ಕಚೇರಿ ತೆರೆದು ಕೂತದ್ದನ್ನು ನೋಡಿ ಆ ಅಭಿಪ್ರಾಯವನ್ನು ವಾಪಸು ಪಡೆಯಿತು.

ಪಂಚಾಯತಿಗೆ ಒಂದು ದನದ ದೊಡ್ಡಿ ಇತ್ತು. ಪರರ ಗದ್ದೆಗೆ ನುಗ್ಗಿದ ದನಗಳನ್ನು ಅಲ್ಲಿ ಕೂಡಿಹಾಕುವುದು ಕ್ರಮ. ದೊಡ್ಡಿಗೆ ಎದೆಮಟ್ಟದ ಮುರಕಲ್ಲಿನ ಗೋಡೆ ಇತ್ತು, ಗೇಟು ಇರಲಿಲ್ಲ. ಇದ್ದದ್ದನ್ನು ಗೆದ್ದಲು ತಿಂದಿತ್ತು. ಹೊಸದು ಮಂಜೂರಾಗುವವರೆಗೆ ಕಾವಲುಗಾರ ಸಂಕಪ್ಪನೇ ಆ ಸಂದಿಯಲ್ಲಿ ಕೂರತಕ್ಕದ್ದೆಂದು ಠರಾವಾಗಿತ್ತು. ಸಂಕಪ್ಪನ ಶರೀರ ಗೇಟಿನ ಅಳತೆಗೆ ಸರಿಯಾಗಿ ಇದ್ದುದರಿಂದ ಮೇಲಿನವರು ಅವಸರ ಮಾಡಲಿಲ್ಲ.

ಒಂದು ಶನಿವಾರ ಸಾಹೇಬರು ಆ ದಾರಿಯಾಗಿ ನಡೆದು ಹೋಗುವಾಗ ಸಂಕಪ್ಪ ಕೈಮುಗಿದ.

“ಸ್ವಾಮಿ, ಒಂಚೂರು ಇಲ್ಲಿ ಕೂತುಕೊಳ್ಳಿ. ಚಾ ಕುಡಿದು ಬರ್ತೇನೆ.”

“ಇವತ್ತು ಬೇಡ ಸಂಕಪ್ಪ. ಬಾಗಿಲು ತುಂಬ ಕೂತರೆ ಪ್ರಾಣಿಯನ್ನು ಹಿಡಿದ ಹಾಗೆ.”

“ಅಯ್ಯೋ! ಹಾಗಾದರೆ ನಾನು ದಿನಾ ಹಿಡಿಯುವುದಾ?”

“ನಿನಗೆ ಆ ಕಾನೂನು ಇಲ್ಲ ಮಾರಾಯ. ನಮಗೆ ಮಾತ್ರ.”

ಸಾಹೇಬರು ಮಾತು ಕಡಿಮೆಯ ಮನುಷ್ಯ. ಅಂದು ಮಾತ್ರ, ಅಜ್ಜ ಹೇಳಿಕೊಟ್ಟದ್ದು ನೆನಪಾಗಿ, ಮುಂದುವರಿಸಿಬಿಟ್ಟರು.

“ಮನೆಯೊಳಗೆ ಒಂದು ಜಿಂಕೆ ಬಂತು ಅಂತ ಇಟ್ಟುಕೋ. ಒಬ್ಬ ಬಾಗಿಲು ತುಂಬ ಕೂತ. ಅವನು ಹಿಡಿದವನು. ಇನ್ನೊಬ್ಬ ಬಂದು ಅವನಿಗೆ ಒತ್ತಿಕೊಂಡು ಕೂತ. ಮೊದಲಿನವ ಎದ್ದು ಹೋದ. ಜಿಂಕೆ ಒಳಗೇ ಉಂಟು. ಆದರೂ ಎರಡನೆಯವ ಹಿಡಿದವನಲ್ಲ.”

“ಅವನಿಗೆ ದೋಷ ಏನೂ ಇಲ್ಲವಾ?”

“ಏನೂ ಇಲ್ಲ.”

ಗೋಡೆಯ ಆಚೆ ನಿಂತಿದ್ದ ಪಂಚಾಯತು ಅಧ್ಯಕ್ಷ ಜೀವಂಧರ ಹೆಗ್ಡೆಯವರು ಇದನ್ನು ಕೇಳಿಸಿಕೊಂಡರು. ಅವರು ಜೈನರು, ದೊಡ್ಡಿಯಲ್ಲಿ ಕೂಗುವ ದನಗಳ ಪಾಪ ತಮಗೆ ತಟ್ಟುವುದೆಂಬ ಚಿಂತೆ ಅವರಿಗೆ ಬಹುಕಾಲದಿಂದ ಇತ್ತು. ಹೆಂಡತಿಯ ತಮ್ಮ ಬಾಹುಬಲಿಗೆ ಕೆಲಸ ಇಲ್ಲವೆಂಬ ಚಿಂತೆಯೂ ಇತ್ತು. ಎರಡೂ ಒಂದೇ ಕ್ಷಣದಲ್ಲಿ ಪರಿಹಾರವಾದವು. ಮುಂದಿನ ಶುಕ್ರವಾರ ಕಚೇರಿಯ ಗೋಡೆಗೆ ಪ್ರಕಟಣೆ ಅಂಟಿತು:

“ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಶನಿವಾರಗಳಂದು ದೊಡ್ಡಿಯ ಬಾಗಿಲಲ್ಲಿ ಪ್ರಥಮ ಆಸೀನನು ಕೂತ ತರುವಾಯ ದ್ವಿತೀಯ ಆಸೀನನು ಕೂರತಕ್ಕದ್ದು. ತದನಂತರ ಪ್ರಥಮ ಆಸೀನನು ಎದ್ದು ಮನೆಗೆ ಹೋಗತಕ್ಕದ್ದು. ಹೀಗೆ ಒಳಗುಳಿದ ಜಾನುವಾರುಗಳನ್ನು ಪಂಚಾಯತು ಹಿಡಿದಿರುವುದಿಲ್ಲ.”

ಸಾಹೇಬರು ಓದಿ ಬೆವೆತರು. “ಹೆಗ್ಡೆಯವರೇ, ಅದು ನನ್ನ ಸ್ವಂತ ನೇಮ. ಪಂಚಾಯತಿಗೆ ಯಾಕೆ?”

“ತಾವು ನಮ್ಮ ಅಧಿಕಾರಿಗಳು. ತಮ್ಮ ಧರ್ಮವನ್ನು ನಾವು ಪಾಲಿಸದಿದ್ದರೆ ಮತ್ತೆ ಯಾರು ಪಾಲಿಸುವುದು?”

ರದ್ದು ಮಾಡಲು ಸಾಹೇಬರು ಪೆನ್ನು ಎತ್ತಿದರು. ಕಿಟಕಿಯಾಚೆ ಸೂರ್ಯ ಮುಳುಗಿದ. ಪೆನ್ನನ್ನು ಕೆಳಗಿಟ್ಟರು.

ಮರುದಿನ ಬೆಳಿಗ್ಗೆ ಜಲಜಾಕ್ಷಿ ದೊಡ್ಡಿಗೆ ಓಡಿ ಬಂದಳು. ಅವಳಿಗಿದ್ದ ಒಂದೇ ದನ ಕರು ಹಾಕಿ ಹದಿನೈದು ದಿನ ಆಗಿತ್ತಷ್ಟೆ. ಹಗ್ಗ ಹರಿದುಕೊಂಡು ಹೋದದ್ದು ದೊಡ್ಡಿ ಸೇರಿತ್ತು. ಬಾಗಿಲಲ್ಲಿ ದ್ವಿತೀಯ ಆಸೀನನಾಗಿ ಬಾಹುಬಲಿ ಪೇಪರು ಓದುತ್ತಾ ಕೂತಿದ್ದ.

“ನನ್ನ ದನ ಬಿಡಿ. ಕರು ಹಸಿದು ಒರಲುತ್ತಾ ಉಂಟು.”

“ಹಿಡಿದರೆ ತಾನೇ ಬಿಡುವುದು?”

“ಮತ್ತೆ ಒಳಗೆ ಕೂಗುವುದು ನಿಮ್ಮ ಅಜ್ಜಿಯಾ?”

“ಅದು ಒಳಗೆ ಉಂಟು, ಅಷ್ಟೆ. ಹಿಡಿದದ್ದು ಸಂಕಪ್ಪ. ಅವನನ್ನು ಕೇಳು.”

ಸಂಕಪ್ಪ ಮನೆಯಲ್ಲಿ ಗಂಜಿ ಉಣ್ಣುತ್ತಿದ್ದ. ಎರಡೂ ಕೈ ಎತ್ತಿ ತೋರಿಸಿದ. “ನೋಡು ಮಾರಾಯ್ತಿ, ನನ್ನ ಕೈಯಲ್ಲಿ ದನ ಉಂಟಾ?”

ಜಲಜಾಕ್ಷಿ ಸಾಹೇಬರ ಬಿಡಾರಕ್ಕೆ ಹೋಗಿ ಅತ್ತಳು. ಸಾಹೇಬರು ಚಪ್ಪಲಿಯನ್ನೂ ಹಾಕದೆ ದೊಡ್ಡಿಗೆ ಬಂದರು.

“ಬಾಹುಬಲಿ, ಏಳು. ದನ ಹೋಗಲಿ.”

“ಆಗಬಹುದು ಸರ್. ಲಿಖಿತ ಆದೇಶ ಕೊಡಿ.”

ಸಾಹೇಬರು ತಮ್ಮ ಬರಿಗೈ ನೋಡಿಕೊಂಡರು. “ನಕ್ಷತ್ರ ಕಂಡ ಕೂಡಲೇ ಬರೆದು ಕೊಡ್ತೇನಮ್ಮ.”

“ಅಷ್ಟರವರೆಗೆ ಕರುವಿಗೆ ಏನು, ನಕ್ಷತ್ರ ಕುಡಿಸುವುದಾ?”

ಅಷ್ಟರಲ್ಲಿ ಅಧ್ಯಕ್ಷರು ಕಳುಹಿಸಿದ ಕಾಫಿ ಬಂತು. ಹಿಡಿಯದ ದನದ ಹಾಲು ಯಾರದ್ದೂ ಅಲ್ಲವಾದ್ದರಿಂದ ಅದನ್ನು ಕಚೇರಿಯ ಕಾಫಿಗೆ ವಿನಿಯೋಗಿಸಲಾಗಿತ್ತು. ಹಾಲು ದಪ್ಪ ಇದೆಯೆಂದು ಎಲ್ಲರೂ ಒಪ್ಪಿದರು.

ಜಲಜಾಕ್ಷಿ ಮನೆಗೆ ಹೋಗಿ ಕರುವನ್ನು ಹೆಗಲ ಮೇಲೆ ಹೊತ್ತು ತಂದು ಗೋಡೆಯ ಮೇಲಿಂದ ದೊಡ್ಡಿಯೊಳಗೆ ಇಳಿಸಿದಳು. ಕರು ಕೆಚ್ಚಲಿಗೆ ಬಾಯಿ ಹಾಕಿತು. ಕಾಲು ಸೋತಿದ್ದರಿಂದ ಅವಳು ಬಾಹುಬಲಿಗೆ ಒತ್ತಿಕೊಂಡು ಹೊಸ್ತಿಲಲ್ಲೇ ಕೂತಳು. ಬಾಹುಬಲಿ ತಕ್ಷಣ ಪೇಪರು ಮಡಚಿ ಊಟಕ್ಕೆ ಹೋದ.

ಹೆಗ್ಡೆಯವರು ಬಂದು ನೋಡಿದರು. ನಿಯಮದಲ್ಲಿ ಹೆಂಗಸು ಕೂರಬಾರದೆಂದು ಎಲ್ಲಿಯೂ ಇರಲಿಲ್ಲ.

“ಜಲಜಾಕ್ಷಿ, ಈಗ ನೀನೇ ದ್ವಿತೀಯ ಆಸೀನಳು. ಹುದ್ದೆ ತಾತ್ಕಾಲಿಕ. ಭತ್ಯೆ ಉಂಟು, ಎರಡು ಹೊತ್ತು ಕಾಫಿ ಉಂಟು, ಒಳಗಿನ ಜಾನುವಾರಿಗೆ ಪಂಚಾಯತಿನ ಹುಲ್ಲು ಉಂಟು. ಬೇಡವಾದರೆ ಏಳಬಹುದು. ಎದ್ದರೆ ದನವೂ ಹೊರಗೆ, ನೀನೂ ಹೊರಗೆ.”

“ಬಾಹುಬಲಿಯಣ್ಣನಿಗೆ?”

“ಅವನನ್ನು ಮೇಲ್ವಿಚಾರಕ ಮಾಡುವ.”

ಜಲಜಾಕ್ಷಿ ಒಳಗೆ ನೋಡಿದಳು. ದನ ಪಂಚಾಯತಿನ ಹುಲ್ಲು ಮೆಲ್ಲುತ್ತಿತ್ತು. ಕರು ಹೊಟ್ಟೆ ತುಂಬಿ ನಿದ್ದೆ ಹೋಗಿತ್ತು. ಅವಳು ಸೆರಗು ಸರಿಮಾಡಿಕೊಂಡು, ಇನ್ನಷ್ಟು ಸರಿಯಾಗಿ, ಬಾಗಿಲು ತುಂಬ ಕೂತಳು.

ನಕ್ಷತ್ರ ಕಂಡದ್ದೇ ಸಾಹೇಬರು ದೀಪದಡಿ ಆದೇಶ ಬರೆದು, ಶಾಯಿ ಒಣಗುವ ಮೊದಲೇ ಓಡಿ ಬಂದರು. ಹೆಗ್ಡೆಯವರು ಅದನ್ನು ಬಹಳ ಗೌರವದಿಂದ ಓದಿದರು.

“ಅಕ್ಷರ ಚೆನ್ನಾಗಿ ಉಂಟು. ಆದರೆ ಸಾಹೇಬರೇ, ವ್ಯವಸ್ಥೆ ಸುಸೂತ್ರವಾಗಿ ನಡೆದುದರಿಂದ ವಾರದ ಎಲ್ಲ ದಿನಗಳನ್ನೂ ಶನಿವಾರವೆಂದೇ ಭಾವಿಸತಕ್ಕದ್ದೆಂದು ಮಧ್ಯಾಹ್ನ ಠರಾವಾಗಿದೆ. ಶನಿವಾರ ತಾವು ಬರೆಯುವುದಿಲ್ಲ. ಆದ್ದರಿಂದ ಇದು ಬರೆಯಲ್ಪಟ್ಟಿಲ್ಲ.”

ಸೇರಿದ್ದವರೆಲ್ಲ ತಲೆದೂಗಿದರು. ಸಾಹೇಬರ ಧರ್ಮಕ್ಕೆ ಇಷ್ಟು ಮರ್ಯಾದೆ ಕೊಚ್ಚಿಯವರೂ ಕೊಡಲಿಕ್ಕಿಲ್ಲ ಎಂದು ಸಂಕಪ್ಪ ಹೇಳಿದ.

ಸಾಹೇಬರು ಕಾಗದವನ್ನು ಕಿಸೆಗೆ ಹಾಕಿ ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕೂತರು. ತೀರ ಮೆಲ್ಲಗೆ ಕೇಳಿದರು:

“ಜಲಜಾಕ್ಷಮ್ಮ, ಒಮ್ಮೆ ಏಳ್ತೀರಾ? ನಿಮ್ಮ ದನ ಮನೆಗೆ ಹೋಗಲಿ.”

ಜಲಜಾಕ್ಷಿ ಲೋಟವನ್ನು ಬಾಯಿಯ ಹತ್ತಿರ ತಂದು, ಕಾಫಿಯ ಕೆನೆಯನ್ನು ಊದಿ ಒಂದು ಬದಿಗೆ ಸರಿಸಿದಳು.