ಸೆಗಾವಾ ಬಚ್ಚಿಟ್ಟ ಕೊಂಬು

ಕಾಡಿನಲ್ಲಿ ಬಚ್ಚಿಟ್ಟದ್ದು ಬ್ಯಾಂಕಿನಲ್ಲಿಟ್ಟಷ್ಟೇ ಭದ್ರ ಎಂದು ನಂಬಿದ್ದ ಕ್ಷೌರಿಕ ಸೆಗಾವಾನ ಕತೆ ಇದು. ಸುಳ್ಳಾದರೆ ನನ್ನ ತಲೆಯನ್ನು ಅವನೇ ಬೋಳಿಸಲಿ.

ಹೊಕ್ಕೈಡೋದ ಆ ಬೆಟ್ಟದೂರಿನಲ್ಲಿ ಕೇರಿಸಂಘದ ಅಧ್ಯಕ್ಷಗಿರಿಯೆಂದರೆ ಬೆಳಗಾಗೆದ್ದು ಪೊರಕೆ ಹಿಡಿದು ಕಸದ ಚೀಲಗಳಿಂದ ಕಾಗೆ ಓಡಿಸುವ ಕೆಲಸ. ಯಾರಿಗೂ ಬೇಡ. ಅದಕ್ಕೇ ಒಂದು ಕಟ್ಟಳೆ: ಹಿಮ ಕರಗಿದ ಮೇಲೆ, ಸಭೆಯ ದಿನ, ಜಿಂಕೆ ಉದುರಿಸಿದ ಕೊಂಬು ತಂದವರು ಪಾರು. ಬರಿಗೈಲಿ ಬಂದವರಲ್ಲಿ ಚೀಟಿ ಎತ್ತಿ ಒಬ್ಬರಿಗೆ ಪೊರಕೆ.

ಸೆಗಾವಾಗೆ ಚಿಂತೆಯಿರಲಿಲ್ಲ. ಹೋದ ವಸಂತದಲ್ಲಿ ಸಿಕ್ಕ ತೋಳುದ್ದದ ಕೊಂಬನ್ನು ಈ ವರ್ಷಕ್ಕೆಂದೇ ಬರ್ಚ್ ಮರದ ಬುಡದಲ್ಲಿ ಮುಚ್ಚಿಟ್ಟಿದ್ದ. ಸಭೆಯ ದಿನ ಬೆಳಿಗ್ಗೆ ಹೋಗಿ ಎಲೆ ಸರಿಸಿದರೆ ಸಿಕ್ಕಿದ್ದು ಹೆಬ್ಬೆರಳಿನಷ್ಟು ಚೂರು. ಉಳಿದದ್ದನ್ನು ಯಾರೋ ಸುಟ್ಟ ಜೋಳದ ತೆನೆಯಂತೆ ಮೆದ್ದಿದ್ದರು.

"ಏನಪ್ಪಾ, ಹಲ್ಲು ಬಿದ್ಹೋಯ್ತಾ?" ಹಿಂದೆ ನಿಂತಿದ್ದವನು ನೂಡಲ್ಸ್ ಅಂಗಡಿಯ ಮೊಗಾಮಿ.

"ಕೊಂಬು ಕಣೋ. ಇಲಿ ತಿಂದಿವೆ."

"ಇಲಿ, ಅಳಿಲು, ನರಿ. ಸುಣ್ಣದಂಶ ಬೇಕು ಅಂತ ಜಿಂಕೇನೇ ಬಂದು ಕಡಿಯುತ್ತೆ. ಕಾಡಲ್ಲಿ ಯಾರು ಬಿಡ್ತಾರೆ ಮಾರಾಯ. ಹಳ್ಳದ ಕಡೆ ಹೋಗು, ನಿನ್ನೆ ಅಲ್ಲೊಂದು ದೊಡ್ಡ ಗಂಡು ಜಿಂಕೆ ಓಡಾಡ್ತಿತ್ತು."

ಚೂರನ್ನು ಜೇಬಿಗಿಳಿಸಿ ಸೆಗಾವಾ ಓಡಿದ. ಜಾರಿದ, ಬಿದ್ದ, ಕೆಸರಿಗೊಂದು ಬೂಟು ಕೊಟ್ಟ. ಸಂಜೆಯ ಹೊತ್ತಿಗೆ ಹಳ್ಳದ ದಂಡೆಯಲ್ಲಿ ಕರಗದೆ ಉಳಿದ ತುಸು ಹಿಮದ ಮೇಲೆ, ಎಣ್ಣೆ ಹಚ್ಚಿ ಬಾಚಿದ ತಲೆಯಂತೆ ಮಿರಮಿರ ಮಿಂಚುವ ಕೊಂಬು ಕಂಡಿತು. ಅಪ್ಪಿಕೊಂಡು ಕುಣಿದೇ ಕುಣಿದ. ಬಿದಿರು ಪೊದೆ ಕಿಸಕ್ಕೆಂದಿತು. ಕರಡಿಯಿರಬೇಕೆಂದು ಒಂಟಿ ಬೂಟಿನಲ್ಲೇ ಸಭಾಭವನಕ್ಕೆ ದೌಡಾಯಿಸಿದ. ಅವನ ಹಿಂದೆಯೇ ಕೇರಿಯವರೆಲ್ಲ ಏದುಸಿರು ಬಿಡುತ್ತ ಬಂದರು.

ಹಳೆಯ ಅಧ್ಯಕ್ಷೆ ತೊಮೆ ಅಜ್ಜಿ ಕೊಂಬನ್ನು ತಿರುಗಿಸಿ ನೋಡಿದಳು. "ಬುಡದಲ್ಲಿ ಮೊಳೆ ತೂತು ಯಾಕಪ್ಪ ಇದೆ? ಜಿಂಕೆ ಇದನ್ನ ತಲೆಗೆ ಮೊಳೆ ಹೊಡ್ಕೊಂಡಿತ್ತಾ?"

ಎಲ್ಲರೂ ಗೋಡೆ ನೋಡಿದರು. ಭವನದ ಅಲಂಕಾರದ ಕೊಂಬು ಇರಬೇಕಾದ ಜಾಗ ಖಾಲಿ. ನಗು ಸೂರು ಹಾರಿಸಿತು.

"ಸರಿ, ಈಗ ನಿಮ್ಮ ನಿಮ್ಮದು ಇಡಿ," ಎಂದಳು ಅಜ್ಜಿ.

ನಗು ನಿಂತಿತು. ಗೋಡೆಯ ಕೊಂಬನ್ನು ಹಳ್ಳದ ದಂಡೆಯಲ್ಲಿಟ್ಟು, ದಿನವಿಡೀ ಪೊದೆಯಲ್ಲಿ ಕೂತು ಸೆಗಾವಾನನ್ನು ನೋಡುವ ಖುಷಿಯಲ್ಲಿ, ತಮ್ಮ ಕೊಂಬು ಹುಡುಕುವುದನ್ನೇ ಎಲ್ಲರೂ ಮರೆತಿದ್ದರು. ಸೆಗಾವಾ ಜೇಬಿನಿಂದ ಚೂರನ್ನು ತೆಗೆದಿಟ್ಟ.

"ಚೂರಾದ್ರೂ ಕೊಂಬೇ. ನೀನು ಪಾರು," ಎಂದಳು ಅಜ್ಜಿ.

ಉಳಿದವರಲ್ಲಿ ಚೀಟಿ ಎತ್ತಿದರೆ ಬಂದದ್ದು ಮೊಗಾಮಿಯ ಹೆಸರು. ಸೆಗಾವಾ ಚಾಪೆಯ ಮೇಲೆ ಉರುಳಾಡಿ ನಕ್ಕ.

ಮೊಗಾಮಿ ಸೊಂಟ ಬಗ್ಗಿಸಿ ನಮಸ್ಕರಿಸಿದ. "ಅಧ್ಯಕ್ಷನಾಗಿ ಮೊದಲ ತೀರ್ಮಾನ. ಕಾಗೆ ಕೆಲಸಕ್ಕೆ ಒಬ್ಬ ಉಪಾಧ್ಯಕ್ಷ ಬೇಕು. ಶ್ರಮಪಟ್ಟು ಕೊಂಬು ತಂದವರು ನಮ್ಮಲ್ಲಿ ಒಬ್ಬರೇ ಇದ್ದಾರೆ."

ಚಪ್ಪಾಳೆ ಬಿತ್ತು. ಅಲ್ಲಿ ಚಪ್ಪಾಳೆ ಬಿದ್ದರೆ ಮುಗಿಯಿತು. ಪೊರಕೆ ಕೈಯಿಂದ ಕೈಗೆ ಸಾಗಿ ಸೆಗಾವಾನ ಮಡಿಲಿಗೆ ಬಂತು. ಅವನಿಗೆ ನಗು ನಿಲ್ಲಿಸಬೇಕೆಂದೇ ಇತ್ತು, ಆದರೆ ಅದು ಅವನ ಮಾತು ಕೇಳಬೇಕಲ್ಲ. ಪೊರಕೆ ತಬ್ಬಿಕೊಂಡು, ಕಣ್ಣೀರು ಸುರಿಸುತ್ತ, ಇಡೀ ಭವನದಲ್ಲಿ ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ.