ಅತ್ತಿಯ ಶೇರು ಏರಿದ ದಿನ

ನಮ್ಮ ಅತ್ತಿ ಒಂದು ಸಾಫ್ಟ್‌ವೇರ್ ಕಂಪನಿಯ ಮಾಲಕಿ ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ, ಆ ಕಂಪನಿಯವರೂ ನಂಬಿಲ್ಲ! ಖಾನಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೇಲೆ ಕೈಗೆ ಬಂದ ಹಣದಲ್ಲಿ ಅವಳು ಅದರ ಶೇರು ಕೊಂಡಳು. ಅಂಗಡಿಗಳಿಗೆ ಬಿಲ್ ಮಾಡುವ ಸಾಫ್ಟ್‌ವೇರ್ ತಯಾರಿಸುವ ಕಂಪನಿ. ಅವಳು ಕೊಳ್ಳುವುದನ್ನೇ ಕಾಯುತ್ತಿತ್ತೋ ಏನೋ, ಮರುದಿನದಿಂದ ಇಳಿಯತೊಡಗಿತು. ಊರ ಶೇರೆಲ್ಲ ಏರಿದ ದಿನವೂ ಇದು ಇಳಿಯುತ್ತಿತ್ತು!

“ಅತ್ತಿ, ಮಾರಿಬಿಡು. ಹೋದದ್ದು ಹೋತು,” ಎಂದೆ.

“ಲೆಕ್ಕ ಬರಲಾರದ ಹುಡುಗನ್ನ ನಾ ಎಂದಾರ ಸಾಲಿ ಬಿಡಿಸೇನೇನು? ಇದನ್ನೂ ಪಾಸ್ ಮಾಡಿಸೇ ಬಿಡತೀನಿ!”

ಹೇಗೆ? ಗಿರಾಕಿ ಹೆಚ್ಚಾದರೆ ಶೇರು ಏರಲೇಬೇಕಲ್ಲ! ಅತ್ತಿ ರೈಲು ಹತ್ತಿ ಬೆಳಗಾವಿಗೆ ಬಂದಳು. ದೇಸೂರು ಸ್ಟೇಶನ್ ದಾಟುವುದರೊಳಗೆ ಎದುರಿಗೆ ಕೂತಿದ್ದ ಸಿಮೆಂಟ್ ವ್ಯಾಪಾರಿಯನ್ನು ಸಾಫ್ಟ್‌ವೇರ್ ಕೊಳ್ಳಲು ಒಪ್ಪಿಸಿಯೂ ಆಗಿತ್ತಂತೆ. ಆಮೇಲೆ ನನ್ನ ಸ್ಕೂಟರಿನ ಹಿಂದೆ ಕೂತು ರವಿವಾರ ಪೇಟೆಯ ಅಂಗಡಿ ಅಂಗಡಿ ಹೊಕ್ಕಳು. ಒಬ್ಬ ಬೆಲ್ಲದ ಸಾವ್ಕಾರರು ಕೇಳಿದರು:

“ಬಾಯಾರ, ನೀವು ಕಂಪನಿ ಏಜಂಟರೇನ್ರಿ?”

“ಏಜಂಟ್ ಅಲ್ಲರೀ, ಮಾಲಕಿ!”

ಸಾವ್ಕಾರರು ಗಡಬಡಿಸಿ ಎದ್ದು, “ಬರ್ರಿ, ಕುಂದರ್ರಿ,” ಎಂದು ಚಹಾ ತರಿಸಿದರು. ಸಾಫ್ಟ್‌ವೇರನ್ನೂ ಹಾಕಿಸಿಕೊಂಡರು. ವಾರದೊಳಗೆ ಅವರ ಫೋನ್ ಬಂತು: “ನಿಮ್ಮ ಸಾಫ್ಟ್‌ವೇರ್ ಒಂದ ಪೆಂಟಿ ಬೆಲ್ಲಕ್ಕ ಮೂರ ಸಲ ಬಿಲ್ ತಗೀತೈತ್ರಿ!”

ಅತ್ತಿ ಫೋನಿಟ್ಟು ನನ್ನತ್ತ ತಿರುಗಿದಳು. “ನೋಡಿದಿ? ಕೆಲಸಕ್ಕ ಎಷ್ಟ ಚುರುಕ ಐತಿ!”

ಕಂಪನಿಯ ವಾರ್ಷಿಕ ಸಭೆ ಆನ್‌ಲೈನಿನಲ್ಲಿ ನಡೆಯಿತು. ಶೇರುದಾರರಿಗೂ ಮಾತಾಡುವ ಹಕ್ಕಿದೆ ಎಂದು ಗೊತ್ತಾದ ಮೇಲೆ ಅತ್ತಿಯನ್ನು ತಡೆಯುವವರು ಯಾರು? ರೇಷ್ಮೆ ಸೀರೆ ಉಟ್ಟು ನನ್ನ ಲ್ಯಾಪ್‌ಟಾಪ್ ಮುಂದೆ ಕೂತಳು. ಈ ವರ್ಷ ಮಾರುಕಟ್ಟೆ ಬಹಳ ಕಠಿಣವಾಗಿತ್ತು ಎಂದು ಅಧ್ಯಕ್ಷರು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ್ದೇ ತಡ, ಅತ್ತಿ ಕನ್ನಡದಲ್ಲಿ ಶುರು ಮಾಡಿದಳು:

“ಸಾಹೇಬ್ರ, ವರ್ಷಾ ವರ್ಷಾ ಪೇಪರ್ ಕಠಿಣ ಇತ್ತಂತೀರಿ. ಬಾಜೂಕ ಕುಂತ ಹುಡುಗ್ರು ಹೆಂಗ ಪಾಸಾದ್ರು?”

ಕನ್ನಡ ಬಾರದ ಅಧ್ಯಕ್ಷರು ನಕ್ಕು ಕೈಮುಗಿದರು.

“ಖರೇ ಮನಷ್ಯಾ. ತಪ್ಪು ಒಪ್ಪಿಕೊಂಡಾ,” ಎಂದಳು ಅತ್ತಿ!

ಮೊನ್ನೆ ಆ ಶೇರು ಏರಿತು ನೋಡಿ! ಒಮ್ಮೆಲೇ ಜಿಗಿದು, ಅವಳು ಕೊಂಡ ಬೆಲೆಯನ್ನೂ ದಾಟಿತು. ಬಾಯಿ ಸಿಹಿ ಮಾಡಲು ನಾನು ಒಂದು ಡಬ್ಬಿ ಕುಂದಾ ಕಟ್ಟಿಸಿಕೊಂಡು ಖಾನಾಪುರಕ್ಕೆ ಓಡಿದೆ. ಅತ್ತಿ ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಿದ್ದಳು.

“ಯಾಕ ಏರೈತಿ ಗೊತ್ತೈತೇನು?” ಎಂದು ಪೇಪರನ್ನು ನನ್ನತ್ತ ಸರಿಸಿದಳು. ಖರ್ಚು ಉಳಿಸಲು ಕಂಪನಿ ಅರ್ಧಕ್ಕರ್ಧ ನೌಕರರನ್ನು ಕೆಲಸದಿಂದ ತೆಗೆದಿತ್ತು. ಆ ಸುದ್ದಿಗೇ ಶೇರು ಜಿಗಿದಿತ್ತು.

“ಮಾರಿಬಿಡು. ಈಗಿಂದೀಗ. ಇನ್ನ ಒಂದ ರೂಪಾಯಿ ಏರೂದೂ ನನಗ ಬ್ಯಾಡ.”

ಅಲ್ಲೇ ನಿಂತು ಫೋನಿನಲ್ಲಿ ಮಾರಿದೆ. ಕುಂದಾದ ಡಬ್ಬಿ ಬಿಚ್ಚಲು ಹೋದರೆ ಅತ್ತಿ ಅದರ ಮೇಲೆ ಕೈ ಇಟ್ಟಳು. ಪೇಪರನ್ನು ಮಡಚುತ್ತ ಕೇಳಿದಳು:

“ಆ ಹುಡುಗ್ರು ಮನಿಗೆ ಹೋಗಿ ಅವ್ವಗ ಏನಂತ ಹೇಳಿರಬೇಕಪಾ?”