ನೀವೂ ಬರ್ರಲ್ಲ

“ಈ ಸಲ ನಾವಿಬ್ಬರ. ಮೂರನೇದವ್ರು ಬರ್ತೀನಿ ಅಂದ್ರ, ಸ್ವತಃ ಡೀಸಿ ಸಾಹೇಬ್ರ ಬಂದು ಬಾಗಲಾ ಬಡದ್ರೂ ನಾ ತಗಿಯೂದಿಲ್ಲ!”

ಮೂಡಲಗಿಯ ಗುರುಪಾದ ಈ ಘೋರ ಪ್ರತಿಜ್ಞೆ ಮಾಡಿದ್ದು ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ಒಂದು ಕೈಯಲ್ಲಿ ಚಹದ ಬಸಿ ಇತ್ತು, ಇನ್ನೊಂದು ಕೈ ಮಾಡಿನ ಕಡೆಗೆ ಎದ್ದಿತ್ತು. ಹೆಂಡತಿ ಶೋಭಾ ಡಬ್ಬಿಗೆ ರೊಟ್ಟಿ ತುಂಬುತ್ತಾ, “ಚಹಾ ಚೆಲ್ಲಾಕತ್ತೈತಿ ನೋಡ್ರಿ” ಎಂದಳು.

ಗುರುಪಾದ ಸಾಮಾನ್ಯನಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಕಡಿಯುವ ಪಾಳಿ ಬರೆಯುವ ಕ್ಲಾರ್ಕ್. ಯಾರ ಹೊಲಕ್ಕೆ ಯಾವ ದಿನ ಕುಡುಗೋಲು ಬೀಳಬೇಕೆಂಬುದು ಅವನ ಪೆನ್ನಿನ ತುದಿಯಲ್ಲಿ. ಎಂಥೆಂಥ ಮೀಸೆಯವರು ಬಂದು “ನಂದೊಂದೀಟ ಮುಂದ ಮಾಡೋ ತಮ್ಮಾ” ಎಂದು ಗಲ್ಲ ಹಿಡಿದರೂ ಪಾಳಿ ತಪ್ಪಿಸಿದವನಲ್ಲ. ಊರಿಗೆಲ್ಲ ಇಲ್ಲ ಅನ್ನಬಲ್ಲವನಿಗೆ ಒಂದು ಕಾರಿನ ಎರಡು ಸೀಟು ಕಾಯುವುದು ಯಾವ ದೊಡ್ಡ ಕೆಲಸ?

ಇಷ್ಟಕ್ಕೆಲ್ಲ ಕಾರಣ ಒಂದು ಫೋಟೋ. ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದುವ ಮಗಳು ಲಕ್ಷ್ಮೀ ಅದನ್ನು ಅವ್ವನ ಫೋನಿಗೆ ಕಳಿಸಿದ್ದಳು. ಹಿಮಾಚಲದ ಮೂಲೆಯ ಕಿನ್ನೌರ್ ಅಂತೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಸೇಬಿನ ತೋಟ, ಎದುರಿಗೆ ಬಿಳಿ ಬೆಟ್ಟ. ನಡುವೆ ಒಂದು ಸಣ್ಣ ರಸ್ತೆ, ಅದರ ಮೇಲೆ ನರಪಿಳ್ಳೆ ಇಲ್ಲ. ಘಟಪ್ರಭಾದ ದವಾಖಾನೆಯಲ್ಲಿ ಔಷಧಿ ಕೌಂಟರಿಗೆ ಕೂಡುವ ಶೋಭಾ, ಹೋಗುವಾಗ ಬರುವಾಗ ಬಸ್ಸಿನಲ್ಲಿ ನಿಂತುಕೊಂಡೇ ಆ ಫೋಟೋವನ್ನು ನೋಡುತ್ತಿದ್ದಳು. ಒಂದು ದಿನ ಗಂಡನಿಗೂ ತೋರಿಸಿದಳು.

“ಈ ರಸ್ತಾ ಮುಂದ ಒಂದ ಹಳ್ಳ್ಯಾಗ ಮುಗದ ಹೋಗತೈತಂತ್ರಿ. ಅದರ ಮುಂದ ಊರ ಇಲ್ಲಂತ.”

“ಊರಿಲ್ಲದ ಕಡೆ ಹೋಗಿ ಏನ ಮಾಡೂದು?”

“ಊರಿಲ್ಲ ಅಂದ್ರ ಬೀಗರೂ ಇಲ್ಲ” ಎಂದಳು ಶೋಭಾ.

ಆಕೆ ನಗುತ್ತಲೇ ಹೇಳಿದ್ದಳು. ಆದರೆ ಗುರುಪಾದನಿಗೆ ನಗು ಬರಲಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷ, ಕಾರು ಕೊಂಡು ಆರು ವರ್ಷ. ಅಷ್ಟರಲ್ಲಿ ಶೋಭಾ ಒಮ್ಮೆಯೂ ಮುಂದಿನ ಸೀಟಿನಲ್ಲಿ ಕೂತಿರಲಿಲ್ಲ. ಹಿಂದೆ ಕೂತರೆ ಗುರುಪಾದನ ಅವ್ವ ದುಂಡವ್ವನಿಗೆ ವಾಂತಿ. ಅವ್ವ ಇಲ್ಲದ ದಿನ ಅಕ್ಕನ ಗಂಡ ಪರಪ್ಪನ ಮೊಣಕಾಲು. ಯಾರೂ ಇಲ್ಲದ ದಿನ ಕಾರೇ ಹೊರಗೆ ಬೀಳುತ್ತಿರಲಿಲ್ಲ. ಶೋಭಾಳ ಜಾಗ ಹಿಂದೆ, ನಟ್ಟನಡುವೆ, ತೊಡೆಯ ಮೇಲೆ ಬುತ್ತಿ ಡಬ್ಬಿ. ಗೋಕಾಕ ಫಾಲ್ಸಿನ ದಾರಿಯನ್ನೂ ಆಕೆ ಕಂಡದ್ದು ಪರಪ್ಪನ ಕಿವಿಯ ಪಕ್ಕದ ಸಂದಿಯಿಂದ.

ಹಾಗಾಗಿ ಪ್ರತಿಜ್ಞೆ. ಬೆಳಗಾವಿಯಿಂದ ದಿಲ್ಲಿಗೆ ವಿಮಾನ, ಅಲ್ಲಿಂದ ಶಿಮ್ಲಾ, ಶಿಮ್ಲಾದಿಂದ ಬಾಡಿಗೆ ಕಾರು, ತಾವೇ ಓಡಿಸಿಕೊಂಡು ರಸ್ತೆ ಮುಗಿಯುವ ತನಕ. ಆರು ದಿನ. ಕಾರ್ಖಾನೆ ಬಂದಾದ ಮೇಲೆ ಮೇ ತಿಂಗಳಲ್ಲಿ. ಲಕ್ಷ್ಮೀ ಎರಡು ಟಿಕೀಟು ತೆಗೆದೇಬಿಟ್ಟಳು. ಗುರುಪಾದ ಕಾರ್ಖಾನೆಯ ಕಾಗದದ ಮೇಲೆ ಆರು ದಿನದ ಪಾಳಿ ಬರೆದು, ಎಲ್ಲ ದಿನದ ಎದುರಿಗೂ “ಮುಂದಿನ ಸೀಟು: ಶೋಭಾ” ಎಂದು ಬರೆದು ಸಹಿ ಹಾಕಿ ಕೊಟ್ಟ. ಶೋಭಾ ಅದನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಲೇಬೇಕು. ಊಟಕ್ಕೆ ಕೂತಾಗ ಯಾರಾದರೂ ಬಂದರೆ “ಬರ್ರಿ ಊಟಕ್ಕ” ಅನ್ನಬೇಕು. ಊರಿಗೆ ಹೊರಟಾಗ ಯಾರಾದರೂ “ಎಲ್ಲಿಗ್ರಿ?” ಅಂದರೆ ಊರಿನ ಹೆಸರು ಹೇಳಿ, ಅದರ ಬಾಲಕ್ಕೆ “ನೀವೂ ಬರ್ರಲ್ಲ” ಎಂದು ಸೇರಿಸಬೇಕು. ಒಂದು ಸಲ ಕರೆದರೆ ಅದು ಬಾಯಿಮಾತು. ಕೇಳಿದವರು “ಇರ್ಲಿ ಬಿಡ್ರಿ, ನೀವು ಹೋಗಿ ಬರ್ರಿ” ಅನ್ನಬೇಕು. ಮೂರು ಸಲ ಕರೆದರೆ ಮಾತ್ರ ಖರೆ ಕರೆದಂತೆ. ಗುರುಪಾದನಿಗೆ ಈ ಮಾತು ಉಸಿರಾಡಿದಷ್ಟು ರೂಢಿ. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರನಿಗೇ “ಗೋಕಾಕ ಒಂದ ಕೊಡ್ರಿ, ನೀವೂ ಬರ್ರಲ್ಲ” ಎಂದವನು ಅವನು.

ಏಪ್ರಿಲ್ ಕೊನೆಯಲ್ಲಿ ಉಣ್ಣೆ ಟೋಪಿ ಕೊಳ್ಳಲು ಗೋಕಾಕಿನ ಪೇಟೆಗೆ ಹೋದ. ಹೊರಗೆ ಡಾಂಬರು ಕರಗುವ ಬಿಸಿಲು. ಅಂಗಡಿಯವನು ಇವನ ಹಣೆ ಮುಟ್ಟಿ ನೋಡುವುದೊಂದು ಬಾಕಿ. ಅಟ್ಟದಿಂದ ಎರಡು ಮಂಕಿ ಟೋಪಿ ಇಳಿಸಿದ. ಒಂದನ್ನು ಹಾಕಿಕೊಂಡು ಕನ್ನಡಿ ನೋಡುತ್ತಿರುವಾಗ, ಕನ್ನಡಿಯಲ್ಲಿ ಹಿಂದೆ ಇನ್ನೊಂದು ಮುಖ ಕಂಡಿತು. ಕಬ್ಬಿನ ವಿಭಾಗದ ದೊಡ್ಡ ಸಾಹೇಬರು, ಹುಕ್ಕೇರಿಯ ಬೀರಸಿದ್ದಪ್ಪ!

“ಯಾಕೋ ಗುರುಪಾದ, ಥಂಡಿ ಜ್ವರ ಬಂದಾವೇನು?”

“ಇಲ್ರಿ ಸಾಹೇಬ್ರ. ಹಿಮಾಚಲಕ್ಕ ಹೊಂಟೇನ್ರಿ” ಎಂದ ಗುರುಪಾದ. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಬಾಲ ತಾನೇ ಬಂತು. “ನೀವೂ ಬರ್ರಲ್ಲ.”

ಸಾಹೇಬರು “ಇರ್ಲಿ ಬಿಡೋ” ಅನ್ನಬೇಕಿತ್ತು. ಅನ್ನಲಿಲ್ಲ. ಕಣ್ಣು ಅರಳಿಸಿ, “ಬರ್ತೀನಿ. ನಮ್ಮ ಮನ್ಯಾಕೀನೂ ಕರಕೊಂಡ ಬರ್ತೀನಿ. ನಿನ್ನ ರಜಾ ಮಂಜೂರಾತು ತಿಳಿ” ಎಂದು ಬೆನ್ನು ತಟ್ಟಿದರು.

ಮನೆಯಲ್ಲಿ ಶೋಭಾ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. “ಎಷ್ಟ ಸಲಾ ಕರದ್ರಿ?”

“ಒಂದ ಸಲಾ. ಹುಕ್ಕೇರಿ ಕಡೆ ಒಂದ ಸಲಾ ಕರದ್ರೂ ಬರ್ತಾರಂತ ಕಾಣತೈತಿ.”

“ಮತ್ತ ಮುಂದ ಯಾರು ಕೂಡವ್ರು?”

ಗುರುಪಾದ ಕೆಮ್ಮಿದ. “ಸಾಹೇಬ್ರನ್ನ ಹಿಂದ ಕುಂದರ್ಸೂದು ಹೆಂಗ? ಹಿಂದಿನ ಸೀಟಿನ ಕಿಟಕಿನೂ ದೊಡ್ಡದ ಇರತೈತಿ.”

“ಹೌದ್ರಿ. ನನಗ ಹೇಳ್ತೀರೇನು?” ಎಂದು ಶೋಭಾ ಒಲೆಯ ಕಡೆ ತಿರುಗಿದಳು.

ಆದದ್ದನ್ನು ಸರಿಮಾಡಲೇಬೇಕೆಂದು ಗುರುಪಾದ ಮರುದಿನವೇ ಕುಲಗೋಡಕ್ಕೆ ಹೊರಟ. ಅಕ್ಕ ಲಕ್ಕವ್ವ ಆರು ದಿನ ಅವ್ವನನ್ನು ಇಟ್ಟುಕೊಂಡರೆ ಒಂದು ಚಿಂತೆ ಕಡಿಮೆ. ಸಾಹೇಬರನ್ನು ಆಮೇಲೆ ನೋಡಿಕೊಂಡರಾಯಿತು. ದಾರಿಯುದ್ದಕ್ಕೂ ನಾಲಿಗೆಗೆ ಬುದ್ಧಿ ಹೇಳಿದ. ಅಕ್ಕನ ಮುಂದೆ ಬಾಯಿ ಗಟ್ಟಿಯಾಗಿಯೇ ಇತ್ತು. ಆದರೆ ಹೊರಡುವಾಗ, ಕಟ್ಟೆಯ ಮೇಲೆ ಮೊಣಕಾಲು ನೀವಿಕೊಳ್ಳುತ್ತ ಕೂತ ಪರಪ್ಪ ಕೇಳಿಯೇಬಿಟ್ಟ.

“ಎಲ್ಲಿಗೋ ಹೊಂಟದ್ದು?”

“ಹಿಮಾಚಲಕ್ಕ, ಮಾಮಾ. ನೀವೂ ಬರ್ರಲ್ಲ.”

ಪರಪ್ಪ ಮೊಣಕಾಲು ಮರೆತು ಎದ್ದು ನಿಂತ. “ಏ ಲಕ್ಕವ್ವಾ! ಗುರುಪಾದ ಕರ್ಯಾಕತ್ತಾನ, ಉಡೂ ತೊಡೂ ಅರಬಿ ತಗಿ!”

ಸುದ್ದಿ ಕೇಳಿ ದುಂಡವ್ವ ಮಾತಾಡಿದ್ದು ಬಹಳ ನ್ಯಾಯವಾಗಿತ್ತು. “ಎಲ್ಲಾರೂ ಹೋದ್ಮ್ಯಾಲ ನನ್ನ ಯಾರ ಹಂತ್ಯಾಕ ಬಿಡ್ತೀಯೋ ಗುರುಪಾದ್ಯಾ? ನಾನೂ ಬರ್ತೀನಿ.” ಆಕೆಯನ್ನಂತೂ ಯಾರೂ ಒಂದು ಸಲವೂ ಕರೆದಿರಲಿಲ್ಲ.

ಎರಡು ಸೀಟು ಏಳಾಯಿತು. ಶೋಭಾ ಮುಂದಿನಿಂದ ನಡುವಿಗೆ, ನಡುವಿನಿಂದ ಕೊನೆಯ ಸಾಲಿಗೆ ಸರಿದಳು. ಆಕೆ ಜಗಳವಾಡಿದ್ದರೆ ಗುರುಪಾದನಿಗೆ ಎಷ್ಟೋ ಹಗುರಾಗುತ್ತಿತ್ತು. ಆಡಲಿಲ್ಲ. ಘಟಪ್ರಭಾದಿಂದ ದಿನವೂ ಒಂದು ಬಸ್ಸು ತಡವಾಗಿ ಬರತೊಡಗಿ ಆಗಲೇ ತಿಂಗಳ ಮೇಲಾಗಿತ್ತು. ಕೇಳಿದರೆ “ಕೆಲಸ ಇತ್ರಿ” ಅನ್ನುತ್ತಿದ್ದಳು. ಕಾರಿನಲ್ಲಿ ಕೂತರೆ ಕಿಟಕಿಯ ಹೊರಗೂ ನೋಡದೆ, ಬಗ್ಗಿ ಬಗ್ಗಿ ಇವನ ಕಾಲಿನ ಕಡೆ ನೋಡುತ್ತಿದ್ದಳು. ದುಃಖಕ್ಕೆ ತಲೆ ತಗ್ಗಿಸಿದ್ದಾಳೆ ಎಂದುಕೊಂಡು ಗುರುಪಾದ ಮತ್ತಷ್ಟು ಕುಗ್ಗಿದ.

ಮೇ ತಿಂಗಳ ಮೊದಲ ರವಿವಾರ ಎಲ್ಲರೂ ಮನೆಯಲ್ಲಿ ಸಭೆ ಸೇರಿದರು. ದೊಡ್ಡ ದೊಡ್ಡ ಸಂಧಾನಗಳೂ ಇಷ್ಟು ಸೂಕ್ಷ್ಮವಾಗಿ ನಡೆದಿರಲಿಕ್ಕಿಲ್ಲ. ಸಾಹೇಬರ ಹೆಂಡತಿಗೆ ಬಿಪಿ, ಎತ್ತರ ಆಗದು. ಬೆಟ್ಟ ಸ್ವಲ್ಪ ತಗ್ಗಿತು. ಪರಪ್ಪನ ಮೊಣಕಾಲಿಗೆ ಥಂಡಿ ಆಗದು. ಹಿಮ ಕರಗಿತು.

“ಅಲ್ಲಿ ರೊಟ್ಟಿ ಸಿಗತಾವೇನು?” ಎಂದಳು ದುಂಡವ್ವ.

“ಇಲ್ಲಬೇ, ಅಲ್ಲಿ ಅನ್ನ, ಚಪಾತಿ.”

“ಆರ ದಿನಾ? ಸತ್ತಗಿತ್ತೇನು.”

ಕೊನೆಗೆ ಲಕ್ಕವ್ವ, “ನಮ್ಮ ಎಮ್ಮಿ ಇವತ್ತೋ ನಾಳೆನೋ ಈಯೂದೈತಿ. ಮುಂಜಾನೆ ಹೋಗಿ ಸಂಜೀಕ ಬರೂ ಹಂಗಿದ್ರ ನಾ ಬರ್ತೀನಿ” ಎಂದಳು.

ಮುಂಜಾನೆ ಹೋಗಿ ಸಂಜೆ ಬರುವಂಥ ಹಿಮಾಚಲ ಎಲ್ಲಿದೆ? ಸಾಹೇಬರೇ ಕಂಡುಹಿಡಿದರು. “ಹಿಡಕಲ್ ಡ್ಯಾಮ! ನೀರೂ ಐತಿ, ಗುಡ್ಡಾನೂ ಐತಿ. ನಮ್ಮ ಹುಕ್ಕೇರಿ ಬಾಜೂಕ. ಬರೂ ರವಿವಾರ ಹೋಗೂಣು.” ಎಲ್ಲರೂ ತಲೆ ಅಲ್ಲಾಡಿಸಿದರು. ಸಾವಿರಾರು ಮೈಲಿ ದೂರದ ಬೆಟ್ಟ ನೋಡನೋಡುತ್ತ ಹುಕ್ಕೇರಿ ತಾಲೂಕಿಗೆ ಬಂದು ಕೂತಿತು.

“ಲಕ್ಷ್ಮೀಗೆ ಹೇಳಿ ಆ ಟಿಕೀಟ ರದ್ದ ಮಾಡಸು” ಎಂದ ಗುರುಪಾದ, ಹೆಂಡತಿಯ ಮುಖ ನೋಡದೆ.

“ಹೂಂ” ಎಂದಳು ಶೋಭಾ. ಅಡುಗೆಮನೆಯಲ್ಲಿ ಆಕೆ ಫೋನು ತೆಗೆದು ಆ ಫೋಟೋವನ್ನು ಒಂದು ಸಲ ನೋಡಿ, ಫೋನನ್ನು ಹಿಟ್ಟಿನ ಡಬ್ಬಿಯ ಪಕ್ಕ ಬೋರಲು ಹಾಕಿದ್ದನ್ನು ಗುರುಪಾದ ಬಾಗಿಲ ಸಂದಿಯಿಂದ ಕಂಡ.

ಹಿಡಕಲ್ ಪ್ರವಾಸ ಭರ್ಜರಿಯಾಗಿಯೇ ಆಯಿತು. ಬಾಡಿಗೆ ಕ್ರೂಸರ್ ಜೀಪಿನ ಕೊನೆಯ ಅಡ್ಡ ಸೀಟಿನಲ್ಲಿ ಶೋಭಾ, ತೊಡೆಯ ಮೇಲೆ ಏಳು ಜನರ ಬುತ್ತಿ. ಉಂಡಾದ ಮೇಲೆ ಎಲ್ಲರೂ ಗಿಡದ ನೆರಳಿಗೆ ಉರುಳಿದರು. “ಹಿಮಾಚಲ ಇದಕ್ಕಿಂತ ಏನ ಹೆಚ್ಚ ಇರತೈತಿ ಬಿಡ್ರಿ” ಎನ್ನುತ್ತ ಪರಪ್ಪ ಗೊರಕೆ ಶುರುಮಾಡಿದ. ಶೋಭಾ ಒಬ್ಬಳೇ ನೀರಿನ ದಂಡೆಯಲ್ಲಿ ಕೂತು ಆಚೆಯ ಗುಡ್ಡ ನೋಡುತ್ತಿದ್ದಳು. ಗುರುಪಾದ ಹೋಗಿ ಪಕ್ಕದಲ್ಲಿ ಕೂತ.

“ಬ್ಯಾಸರಾತೇನ ಶೋಭಾ?”

“ಬ್ಯಾಸರಿಲ್ರಿ. ಒಂದ ಆಸೆ ಇತ್ತು” ಎಂದಳು, ನೀರು ನೋಡುತ್ತಲೇ. “ಒಂದ ಸಲಾ ನನ್ನ ಕಣ್ಣ ಮುಂದ ಬರೇ ರಸ್ತಾ ಇರಬೇಕು, ಯಾರ ತಲೀನೂ ಅಡ್ಡ ಇರಬಾರ್ದು. ತೊಡಿ ಮ್ಯಾಲ ಡಬ್ಬಿ ಇರಬಾರ್ದು. ಬಾಜೂಕ ನೀವ ಇರಬೇಕು, ಮಾತಾಡದಿದ್ರೂ ನಡೀತಿತ್ತು. ಇಷ್ಟ.”

ಸಾವಿರ ಮಂದಿಗೆ ಪಾಳಿ ಬರೆದವನು ಮನೆಯವಳ ಒಂದೇ ಒಂದು ಪಾಳಿ ಉಳಿಸಲಿಲ್ಲವಲ್ಲ ಎಂದು ಗುರುಪಾದನಿಗೆ ನಾಚಿಕೆಯಾಯಿತು. ಕಣ್ಣು ತುಂಬಿದ್ದನ್ನು ಹೆಂಡತಿ ನೋಡಬಾರದೆಂದು ನೀರಿಗೆ ಒಂದು ಕಲ್ಲು ಎಸೆದ.

ಸಂಜೆ ಕುಲಗೋಡದಲ್ಲಿ ಇಳಿಯುವಾಗ ಲಕ್ಕವ್ವ ಪದ್ಧತಿ ಬಿಡದೆ, “ಯವ್ವಾ, ನೀನೂ ಬಾರಲ್ಲ, ನಾಕ ದಿನಾ ಇದ್ದ ಹೋಗೀಯಂತ” ಎಂದಳು. ಒಂದೇ ಸಲ. ಮಾತು ಮುಗಿಯುವ ಮೊದಲೇ ದುಂಡವ್ವ ಚೀಲದ ಸಮೇತ ಕೆಳಗಿಳಿದಿದ್ದಳು. ಶೋಭಾ ಅತ್ತೆಯ ಗುಳಿಗೆಯ ಪೊಟ್ಟಣವನ್ನು ಕಿಟಕಿಯಿಂದ ಕೊಟ್ಟಳು. ಅದು ಮೊದಲೇ ಕಟ್ಟಿ ಸಿದ್ಧವಾಗಿತ್ತು.

ಸೋಮವಾರ. ದಿಲ್ಲಿಗೆ ಹಾರಬೇಕಿದ್ದ ದಿನ. ಮಂಜೂರಾದ ರಜೆ ಹಾಗೆಯೇ ಉಳಿದಿತ್ತು. ಗುರುಪಾದ ಬೇಸರದಿಂದ ತಡವಾಗಿ ಎದ್ದು, ಬನಿಯನ್ನಿನಲ್ಲೇ ಬಚ್ಚಲ ಕಡೆ ಹಲ್ಲು ತಿಕ್ಕುತ್ತ ನಿಂತಿದ್ದ. ಅಷ್ಟರಲ್ಲಿ ಅಂಗಳದಲ್ಲಿ ಕಾರು ಶುರುವಾದ ಸದ್ದು! ಕಳ್ಳರೇ ಇರಬೇಕೆಂದು ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಓಡಿ ಬಂದ.

ಸ್ಟಿಯರಿಂಗಿನ ಹಿಂದೆ ಶೋಭಾ ಕೂತಿದ್ದಳು. ಹೊಸ ಸೀರೆ, ಬೆನ್ನು ನೆಟ್ಟಗೆ. ಹಿಂದಿನ ಸೀಟಿನ ನಟ್ಟನಡುವೆ ಬುತ್ತಿ ಡಬ್ಬಿಯನ್ನು ಕೂಡಿಸಿ, ಅದಕ್ಕೆ ಬೆಲ್ಟು ಕಟ್ಟಿದ್ದಳು. ಅದರ ಪಕ್ಕದಲ್ಲಿ ತುಂಬಿದ ಚೀಲಗಳು.

“ಎಲ್ಲಿಗೆ?” ಎಂದ ಗುರುಪಾದ, ಬ್ರಶ್ಶು ತೆಗೆದು.

“ಬೆಳಗಾವಿಗೆ, ವಿಮಾನಕ್ಕ. ಟಿಕೀಟ ರದ್ದ ಮಾಡ್ಸೇ ಇಲ್ಲ.”

“ಕಾರ ಹೊಡ್ಯಾಕ ಯಾವಾಗ ಕಲತಿ?”

“ದಿನಾ ಒಂದ ಬಸ್ಸು ಬಿಟ್ಟು, ಘಟಪ್ರಭಾದಾಗ. ಲೈಸೆನ್ಸ ಬಂದು ವಾರಾತು.” ಆಕೆ ಕನ್ನಡಿ ಸರಿಮಾಡಿಕೊಂಡಳು. “ಮುಂದ ಎರಡ ಸೀಟ ಇರ್ತಾವ್ರಿ. ಒಂದಕ್ಕ ಹಿರ್ಯಾರ ಪಾಳಿ ಮುಗಿಯೂದ ಇಲ್ಲ. ಇನ್ನೊಂದನ್ನ ನನಗ ಬೇಕಂತ ಇಷ್ಟ ವರ್ಷದಾಗ ಯಾರೂ ಕೇಳಿಲ್ಲ.”

ಶೋಭಾ ರಸ್ತೆ ನೋಡುತ್ತ ಮೆಲ್ಲಗೆ ಹೇಳಿದಳು. “ನೀವೂ ಬರ್ರಲ್ಲ.”

ಒಂದೇ ಸಲ.

ಪದ್ಧತಿ ಪ್ರಕಾರ ಅವನು “ಇರ್ಲಿ ಬಿಡು, ನೀ ಹೋಗಿ ಬಾ” ಅನ್ನಬೇಕು. ಇದು ಬಾಯಿಮಾತೋ ಖರೆಯೋ? ಒಂದು ಸಲ ಕರೆದರೆ ಮನುಷ್ಯ ಯಾಕೆ ಹಿಂದುಮುಂದು ನೋಡದೆ ಬರ್ತೀನಿ ಅನ್ನುತ್ತಾನೆ ಎಂಬುದು ಅವನಿಗೆ ಆಗ ತಿಳಿಯಿತು. ಸಾಹೇಬರಿಗೂ ಪರಪ್ಪ ಮಾಮಾನಿಗೂ ಹೀಗೇ ಆಸೆ ಆಗಿರಬೇಕು. ಆದರೂ ಬಾಯಿ ತೆರೆಯುವ ಧೈರ್ಯ ಬರಲಿಲ್ಲ. ಇನ್ನೊಂದು ಸಲ ಕರೆಯಲಿ ಎಂದು ಕಾಯುತ್ತ ನಿಂತ.

ಕಾರು ಹೊರಟೇಬಿಟ್ಟಿತು. ನಾಲ್ಕು ಮಾರು ಹೋಗಿ ಬೀದಿಯ ತಿರುವಿನಲ್ಲಿ ನಿಂತಿತು. ಹಾರ್ನ್ ಕೇಳಿಸಿತು. ಗುರುಪಾದ ಒಂದು ಹೆಜ್ಜೆ ಮುಂದಿಟ್ಟ. ಹಾರ್ನ್ ಮತ್ತೊಮ್ಮೆ ಕೇಳಿಸಿತು.

ಬಾಯಿಮಾತು ಒಂದು, ಹಾರ್ನ್ ಎರಡು, ಒಟ್ಟು ಮೂರು!

ಬಾಗಿಲು ಎಳೆದುಕೊಂಡು ಚಿಲಕ ಹಾಕಿ, ಬನಿಯನ್ನಿನಲ್ಲೇ, ಬರಿಗಾಲಲ್ಲೇ ಗುರುಪಾದ ಓಡಿದ. ಎದುರು ಮನೆಯ ಮುತ್ತಪ್ಪ ಕಟ್ಟೆಯ ಮೇಲಿಂದ, “ಎಲ್ಲಿಗ್ರಿ ಗುರುಪಾದಣ್ಣ, ಇಷ್ಟ ಅವಸರ್ಲೆ?” ಎಂದು ಕೂಗಿದ.

ಗುರುಪಾದನ ಬಾಯಿ ತಾನಾಗಿ ತೆರೆಯಿತು. ಕಾರಿನ ಕನ್ನಡಿಯಲ್ಲಿ ಶೋಭಾಳ ಎರಡು ಕಣ್ಣು ಇವನನ್ನೇ ನೋಡುತ್ತಿದ್ದವು. ಅವನು ಬ್ರಶ್ಶನ್ನು ಬಾಯಿಗೆ ತುರುಕಿ, ಹಲ್ಲು ಕಚ್ಚಿ, ಓಡುತ್ತಲೇ ಇದ್ದ.